ಅರೆತಲೆನೋವು, ಕೆಂಪೇರುವ ಮುಖ: ಎರಡನ್ನೂ ಒಟ್ಟಿಗೆ ಹೇಳಿ

ತಲೆನೋವಿಗೆ ಒಬ್ಬ ಡಾಕ್ಟರು, ಚರ್ಮಕ್ಕೆ ಇನ್ನೊಬ್ಬರು. ನಮ್ಮ ಮನೆಗಳಲ್ಲಿ ಇದೇ ರೂಢಿ. ಅರೆತಲೆನೋವಿನಿಂದ ಬಳಲುವ ಸಹೋದರಿಯರು ತಮ್ಮ ಕೆನ್ನೆ, ಮೂಗು ಆಗಾಗ ಬಿಸಿಯಾಗಿ ಉರಿಯುವ ವಿಷಯವನ್ನು ತಲೆನೋವಿನ ಡಾಕ್ಟರ ಮುಂದೆ ಎತ್ತುವುದೇ ಇಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದುಕೊಳ್ಳುತ್ತಾರೆ. ಸಂಬಂಧ ಇರಬಹುದು. ಆದ್ದರಿಂದ ಎರಡನ್ನೂ ಒಬ್ಬರೇ ವೈದ್ಯರ ಮುಂದೆ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಮುಖ ಕೆಂಪೇರುವ ಈ ದೀರ್ಘಕಾಲದ ಚರ್ಮರೋಗದ ಹೆಸರು ರೊಸೇಶಿಯಾ. ಕೆನ್ನೆ, ಮೂಗು, ಹಣೆ, ಗಲ್ಲ ಕೆಂಪಾಗುತ್ತವೆ. ಮೊಡವೆಯಂಥ ಗುಳ್ಳೆ ಏಳುತ್ತವೆ. ಕೆಲವರಿಗೆ ಕಣ್ಣೂ ಉರಿಯುತ್ತದೆ. ನಮ್ಮ ಗೋಧಿ ಬಣ್ಣದ, ಕಂದು ಬಣ್ಣದ ಚರ್ಮದಲ್ಲಿ ಕೆಂಪು ಬೇಗ ಕಾಣಿಸದು. ಹಾಗಾಗಿ ಇದನ್ನು ಮೊಡವೆ, ಅಲರ್ಜಿ ಎಂದು ತಿಳಿಯುವವರೇ ಹೆಚ್ಚು.

ಡೆನ್ಮಾರ್ಕಿನ ಸಂಶೋಧಕರು 40 ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆ ಪರಿಶೀಲಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮೈಗ್ರೇನ್ ಇದ್ದರೆ, ರೊಸೇಶಿಯಾ ಇದ್ದವರಲ್ಲಿ ಸುಮಾರು 12 ಮಂದಿಗೆ ಇತ್ತು. ಕಣ್ಣಿಗೂ ರೊಸೇಶಿಯಾ ತಗುಲಿದವರಲ್ಲಿ ಅಪಾಯ ಇನ್ನೂ ಹೆಚ್ಚು.

ಮುಖ ಮತ್ತು ತಲೆಯ ಸಂವೇದನೆಯನ್ನು ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರ ಇದಕ್ಕೊಂದು ಕಾರಣವಿರಬಹುದು. ಅದು ಕೆರಳಿದಾಗ ರಕ್ತನಾಳಗಳನ್ನು ಹಿಗ್ಗಿಸುವ ವಸ್ತುಗಳು ಹೊರಬರುತ್ತವೆ. ಬಿಸಿಲು, ಸೆಕೆ, ಮನಸ್ಸಿನ ಒತ್ತಡ ಎರಡನ್ನೂ ಕೆರಳಿಸಬಲ್ಲವು. ಹಾಗೆಂದು ಒಂದು ರೋಗವೇ ಇನ್ನೊಂದನ್ನು ತರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಮುಖ ಕೆಂಪಾದವರಿಗೆಲ್ಲ ಮೈಗ್ರೇನ್ ಬರುವುದೂ ಇಲ್ಲ.

ನಮ್ಮ ಯುನಾನಿ ಪದ್ಧತಿಯಲ್ಲಿ ಅರೆತಲೆನೋವಿಗೆ ಶಖೀಖಾ ಎನ್ನುತ್ತೇವೆ. ಗಾಳಿ, ಆಹಾರ, ನಿದ್ದೆ, ಮನಸ್ಸಿನ ಸ್ಥಿತಿ ಮುಂತಾದ ಆರು ಅಗತ್ಯಗಳನ್ನು ವಿಚಾರಿಸದೆ ಹಕೀಮರು ಔಷಧಿ ಬರೆಯಬಾರದು. ಆದರೆ 'ಎಲ್ಲವೂ ಗರ್ಮಿಯಿಂದ' ಎಂದು ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಕೆನ್ನೆ ಕೆಂಪಾಗಿ ಕೀಲುನೋವು, ಜ್ವರವೂ ಇದ್ದರೆ ಅದು ಲೂಪಸ್ ಆಗಿರಬಹುದು. ಅದಕ್ಕೆ ರಕ್ತಪರೀಕ್ಷೆ ಬೇಕು.

ಎರಡೂ ತೊಂದರೆ ಹೇಳಿಕೊಳ್ಳುವುದರಿಂದ ಔಷಧಿಯ ಆಯ್ಕೆಯೇ ಬದಲಾಗಬಹುದು. ಮೈಗ್ರೇನ್ ತಡೆಯಲು ಕೊಡುವ ಪ್ರೊಪ್ರನೊಲಾಲ್ ಮಾತ್ರೆ ಸೋರಿಯಾಸಿಸ್ ಎಂಬ ಇನ್ನೊಂದು ಚರ್ಮರೋಗವನ್ನು ಕೆಲವರಲ್ಲಿ ಉಲ್ಬಣಗೊಳಿಸುತ್ತದೆ. ನೀವು ಹೇಳದಿದ್ದರೆ ಡಾಕ್ಟರಿಗೆ ಹೇಗೆ ತಿಳಿಯಬೇಕು?

ಇನ್ನು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತರುವ ಕ್ರೀಮುಗಳು. ಮದುವೆ ಹತ್ತಿರ ಬಂತೆಂದು ಬಿಳುಪಿಗಾಗಿ ಹಚ್ಚುವ ಅನೇಕ ಕ್ರೀಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ, ಆಮೇಲೆ ಚರ್ಮ ತೆಳುವಾಗಿ ರೊಸೇಶಿಯಾದಂತೆಯೇ ಉರಿಯತೊಡಗುತ್ತದೆ. ತಾಯಂದಿರೇ, ಹೆಣ್ಣುಮಕ್ಕಳ ಕೈಯಲ್ಲಿರುವ ಟ್ಯೂಬನ್ನು ಒಮ್ಮೆ ನೋಡಿ. ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮರೋಗ ತಜ್ಞರನ್ನು ಕಾಣಿರಿ.

ನೋವಿನ ಮಾತ್ರೆಗೂ ಲೆಕ್ಕವಿರಲಿ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಸಾಮಾನ್ಯ ನೋವಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ. ಹಲವು ಔಷಧಿ ಬೆರೆತ ಮಾತ್ರೆಗಳಿಗೆ 10 ದಿನವೇ ಸಾಕು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಲೆನೋವು ಬಂದ ದಿನ, ಮುಖ ಉರಿದ ದಿನ, ನಿದ್ದೆ, ಊಟ, ನುಂಗಿದ ಮಾತ್ರೆ ಬರೆಯಿರಿ. ಎರಡು ತಿಂಗಳ ಆ ಪುಟಗಳನ್ನು ವೈದ್ಯರಿಗೆ ತೋರಿಸಿ. ಹಿಂದೆಂದೂ ಕಾಣದಂಥ ತಲೆನೋವು ದಿಢೀರನೆ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ನೋಟ್‌ಬುಕ್ ಹುಡುಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.