ಭಾನುವಾರ ಬಾರದ ಹೊಟ್ಟೆನೋವು

ಹದಿನೆಂಟು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ನನ್ನ ಕ್ಲಿನಿಕ್ಕಿಗೆ ಕರೆತಂದರು. ಮೂರು ತಿಂಗಳಿಂದ ಹೊಟ್ಟೆನೋವು. ಬೆಳಿಗ್ಗೆ ಏಳುತ್ತಲೇ ಶುರು. ಎರಡು ಮೂರು ಸಲ ಶೌಚಕ್ಕೆ ಓಡಬೇಕು, ತಿಂಡಿ ಸೇರುವುದಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಕೊನೆಗೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಎಂಡೋಸ್ಕೋಪಿಯೂ ಆಗಿತ್ತು. ದಪ್ಪನೆಯ ಫೈಲಿನ ತುಂಬ 'ನಾರ್ಮಲ್' ಎಂಬ ಒಂದೇ ಪದ.

"ಡಾಕ್ಟ್ರೇ, ನಾಟಕ ಮಾಡ್ತಾನೋ ಏನೋ ಗೊತ್ತಿಲ್ಲ. ಭಾನುವಾರ ಅವರ ಮಾವನ ಅಂಗಡಿಗೆ ಹೋದರೆ ಎರಡು ಮುದ್ದೆ ಉಣ್ತಾನೆ. ಸೋಮವಾರ ಬೆಳಿಗ್ಗೆ ಮತ್ತೆ ಅದೇ ಗೋಳು. ಒಂದು ಒಳ್ಳೇ ಟಾನಿಕ್ ಬರೆದುಕೊಡಿ" ಎಂದರು ಆ ತಾಯಿ.

ನನಗೆ ಬೇಕಾಗಿದ್ದ ಮಾಹಿತಿ ಫೈಲಿನಲ್ಲಿರಲಿಲ್ಲ, ಆ ಎರಡು ಮುದ್ದೆಯಲ್ಲಿತ್ತು. ತಾಯಿಯನ್ನು ಹೊರಗೆ ಕೂರಿಸಿ ಹುಡುಗನೊಡನೆ ಮಾತನಾಡಿದೆ. ನೀಟ್ ಪರೀಕ್ಷೆಯಲ್ಲಿ ಒಮ್ಮೆ ಅಂಕ ಸಾಲದೆ ಈಗ ರಿಪೀಟರ್ಸ್ ಬ್ಯಾಚಿಗೆ ಸೇರಿದ್ದಾನೆ. ಪ್ರತಿ ಸೋಮವಾರ ಟೆಸ್ಟ್. ಅಂಕಗಳನ್ನು ಗೋಡೆಗೆ ಹಚ್ಚುತ್ತಾರಂತೆ. ಸೋದರಮಾವನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ಬಿಚ್ಚಿ ತಂತಿ ಸುತ್ತುವುದು ಹೇಗೆಂದು ಹತ್ತು ನಿಮಿಷ ನನಗೆ ವಿವರಿಸಿದ. ಆ ಹತ್ತು ನಿಮಿಷದಲ್ಲಿ ಅವನ ಕೈ ಒಮ್ಮೆಯೂ ಹೊಟ್ಟೆಯ ಮೇಲೆ ಹೋಗಲಿಲ್ಲ.

ಇದು ನಾಟಕವಲ್ಲ ಎಂಬುದನ್ನು ಪಾಲಕರು ಮೊದಲು ತಿಳಿಯಬೇಕು. ನಮ್ಮ ಕರುಳಿನ ಗೋಡೆಯಲ್ಲಿ ಕೋಟ್ಯಂತರ ನರಕೋಶಗಳಿವೆ. ಮೆದುಳಿಗೂ ಅವಕ್ಕೂ ಸದಾ ಸಂಪರ್ಕವಿರುತ್ತದೆ. ಭಯ, ಆತಂಕಗಳಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸದೂತಗಳು ಹೆಚ್ಚಿ ಕರುಳಿನ ಚಲನೆ ಏರುಪೇರಾಗುತ್ತದೆ. ಮಾಮೂಲಿನ ವಾಯು ಕೂಡ ನೋವಾಗಿ ತೋರುತ್ತದೆ. ನೋವು ನಿಜ, ಅದರ ಕಾರಣ ಮಾತ್ರ ಎಂಡೋಸ್ಕೋಪಿಗೆ ಕಾಣುವುದಿಲ್ಲ. ಹಾಗೆಂದು ಎಲ್ಲ ಹೊಟ್ಟೆನೋವನ್ನೂ ಪರೀಕ್ಷೆಯ ಭಯವೆಂದು ತಳ್ಳಿಹಾಕಬೇಡಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನೋವು ನಡುರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಜ್ವರ ಬಂದು ಹೋಗುತ್ತಿದ್ದರೆ ತಪಾಸಣೆ ಆಗಲೇಬೇಕು.

ಆರೋಗ್ಯದ ಅಂಕಣದಲ್ಲಿ ವೃತ್ತಿಯ ಆಯ್ಕೆಯ ಮಾತೇಕೆ ಎಂದು ನೀವು ಕೇಳಬಹುದು. ಫಲಿತಾಂಶದ ದಿನಗಳಲ್ಲಿ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದು ಗಂಟೆ ಕುಳಿತರೆ ನೀವೇ ಹಾಗೆ ಕೇಳುವುದಿಲ್ಲ. ತಲೆನೋವು, ನಿದ್ರಾಹೀನತೆ, ಕೂದಲು ಉದುರುವುದು, ಮುಟ್ಟಿನ ಏರುಪೇರು: ಇವುಗಳಲ್ಲಿ ಎಷ್ಟೋ ಬೇರು ಬಿಟ್ಟಿರುವುದು ಅರ್ಜಿ ಫಾರಂನಲ್ಲಿ.

ಯಾರಿಗೆ ಯಾವ ಕೆಲಸ ಎಂಬ ಪ್ರಶ್ನೆಯನ್ನು ಶಾಸ್ತ್ರವಾಗಿ ನೋಡಲು ಆರಂಭಿಸಿದವನು ಅಮೆರಿಕದ ಫ್ರಾಂಕ್ ಪಾರ್ಸನ್ಸ್. 1908ರಲ್ಲಿ ಬೋಸ್ಟನ್ ನಗರದಲ್ಲಿ ಕೆಲಸ ಹುಡುಕುವ ತರುಣರಿಗಾಗಿ ಒಂದು ಸಲಹಾ ಕೇಂದ್ರ ತೆರೆದ. ಅವನ ಸೂತ್ರ ಸರಳ: ನಿನ್ನನ್ನು ನೀನು ತಿಳಿ, ಕೆಲಸಗಳನ್ನು ತಿಳಿ, ಎರಡನ್ನೂ ತಾಳೆ ನೋಡು. ಅದೇ ವರ್ಷ ತೀರಿಕೊಂಡ. ಪುಸ್ತಕ ಮರುವರ್ಷ ಹೊರಬಂತು. ಮುಂದೆ 1959ರಲ್ಲಿ ಜಾನ್ ಹಾಲೆಂಡ್ ಎಂಬ ಮನಶ್ಶಾಸ್ತ್ರಜ್ಞ ತನ್ನ ಸಿದ್ಧಾಂತ ಮಂಡಿಸಿ ಜನರ ಒಲವುಗಳನ್ನು ಆರು ಬಗೆಯಾಗಿ ವಿಂಗಡಿಸಿದ. ಕೈಯಿಂದ, ಉಪಕರಣದಿಂದ ಕೆಲಸ ಮಾಡಬಯಸುವವರು, ಏಕೆ, ಹೇಗೆ ಎಂದು ಕೆದಕುವವರು, ಕಲೆಯವರು, ಜನರಿಗೆ ನೆರವಾಗಬಯಸುವವರು, ವ್ಯವಹಾರ, ಮುಂದಾಳುತನದವರು, ಲೆಕ್ಕಪತ್ರ ಅಚ್ಚುಕಟ್ಟಾಗಿಡುವವರು. ವೈದ್ಯನಿಗೆ ಮುಖ್ಯವಾಗಿ ಎರಡನೆಯದೂ ನಾಲ್ಕನೆಯದೂ ಬೇಕು. ನಮ್ಮ ಹುಡುಗ ಮೊದಲನೆಯ ಬಗೆಯವನೆಂದು ಹೇಳಲು ಪ್ರಶ್ನಪತ್ರಿಕೆ ಬೇಕಿರಲಿಲ್ಲ. ಆದರೆ ಬಗೆ ಹೊಂದಿದ ಮಾತ್ರಕ್ಕೆ ತೃಪ್ತಿ ಕಟ್ಟಿಟ್ಟದ್ದಲ್ಲ. ಇವೆರಡರ ನಂಟು ನಾವು ಎಣಿಸಿದಷ್ಟು ಬಲವಾದುದಲ್ಲವೆಂದು ನಂತರದ ಅಧ್ಯಯನಗಳು ಕಂಡಿವೆ.

ನನಗೆ ಹೆಚ್ಚು ಹಿಡಿಸಿದ್ದು ಲಿಂಡಾ ಗಾಟ್‌ಫ್ರೆಡ್ಸನ್ 1981ರಲ್ಲಿ ಹೇಳಿದ ಮಾತು. ಮಕ್ಕಳು ವೃತ್ತಿಯನ್ನು ಆರಿಸುವುದಕ್ಕಿಂತ ಮೊದಲು ಒಂದೊಂದನ್ನೇ ಹೊಡೆದುಹಾಕುತ್ತ ಬರುತ್ತಾರೆ ಎನ್ನುತ್ತಾರೆ ಆಕೆ. ಆರರಿಂದ ಎಂಟರ ವಯಸ್ಸಿನಲ್ಲಿ 'ಇದು ಗಂಡಸರದು, ಇದು ಹೆಂಗಸರದು' ಎಂದು ಕೆಲವು ಹೋಗುತ್ತವೆ. ಒಂಬತ್ತರಿಂದ ಹದಿಮೂರರಲ್ಲಿ 'ಇದು ಗೌರವದ ಕೆಲಸವಲ್ಲ' ಎಂದು ಇನ್ನಷ್ಟು. ತನಗೇನು ಇಷ್ಟ ಎಂದು ಮಗು ಯೋಚಿಸುವುದು ಹದಿನಾಲ್ಕರ ನಂತರ. ಆ ವೇಳೆಗೆ ಪಟ್ಟಿಯಲ್ಲಿ ಉಳಿದಿರುವುದೇ ಎರಡೋ ಮೂರೋ. ಹೊಡೆದುಹಾಕುವ ಪೆನ್ಸಿಲನ್ನು ಕೈಗೆ ಕೊಡುವವರು ಯಾರೆಂದು ನಾನು ಹೇಳಬೇಕಿಲ್ಲ. ಮಗಳು ಫ್ಯೂಸ್ ಹಾಕಲು ಸ್ಟೂಲು ಹತ್ತಿದರೆ "ಇಳಿಯೇ, ಅಣ್ಣ ಹಾಕ್ತಾನೆ" ಎನ್ನುವುದು ನಮ್ಮ ಮನೆಗಳಲ್ಲಿ ದಿನನಿತ್ಯದ ಮಾತು.

ಇನ್ನು ಡೊನಾಲ್ಡ್ ಸೂಪರ್ ಎಂಬಾತ, ಸುಮಾರು ಹದಿನೈದರಿಂದ ಇಪ್ಪತ್ತನಾಲ್ಕರವರೆಗಿನ ಕಾಲ ಹುಡುಕಾಟದ್ದು ಎಂದ. ನಾವು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದೊಳಗೆ ಅದನ್ನು ಮುಗಿಸಿಬಿಡುತ್ತೇವೆ.

ನಮ್ಮಲ್ಲಿ 'ಕೌನ್ಸೆಲಿಂಗ್' ಎಂಬ ಪದಕ್ಕೆ ಒದಗಿದ ಗತಿಯನ್ನು ನೋಡಿ. 1990ರ ದಶಕದ ಕೊನೆಯಲ್ಲಿ ನಾನು ಎಂಬಿಬಿಎಸ್ ಸೇರಿದ್ದು ಸಿಇಟಿ ಕೌನ್ಸೆಲಿಂಗ್ ಮೂಲಕ. ರ್‍ಯಾಂಕಿನ ಕ್ರಮದಲ್ಲಿ ಒಳಗೆ ಕರೆದರು, ಉಳಿದ ಸೀಟುಗಳನ್ನು ತೋರಿಸಿದರು, ಅಪ್ಪ ಪಕ್ಕದಿಂದ ಮೊಣಕೈ ತಿವಿದರು, ನಾನು ಒಂದು ಕಾಲೇಜಿನ ಹೆಸರು ಹೇಳಿದೆ. 'ನಿನಗೆ ರಕ್ತ ನೋಡಿದರೆ ತಲೆ ತಿರುಗುತ್ತದೆಯೇ?' ಎಂದು ಯಾರೂ ಕೇಳಲಿಲ್ಲ. (ಮೊದಲ ವರ್ಷ ತಿರುಗುತ್ತಿತ್ತು.) ಈಗ ಅದೇ ಕೆಲಸ ಕಂಪ್ಯೂಟರಿನಲ್ಲಿ ಆಗುತ್ತದೆ. ಸೀಟು ಹಂಚಿಕೆಗೆ ಸಲಹೆ ಎಂಬ ಹೆಸರಿಟ್ಟು, ನಿಜವಾದ ಸಲಹೆಯನ್ನು ನಾವು ಮರೆತೇಬಿಟ್ಟಿದ್ದೇವೆ.

ಮರೆತ ಜಾಗದಲ್ಲಿ ಅಂಗಡಿಗಳು ಎದ್ದಿವೆ. ಬೆರಳಚ್ಚು ತೆಗೆದುಕೊಂಡು ನಿಮ್ಮ ಮಗು ಡಾಕ್ಟರೋ ಇಂಜಿನಿಯರೋ ಹೇಳುತ್ತೇವೆ ಎನ್ನುವವರಿದ್ದಾರೆ. ಸಾವಿರಾರು ರೂಪಾಯಿ ತೆತ್ತು ಬಣ್ಣದ ವರದಿ ಹಿಡಿದು ನನ್ನಲ್ಲಿಗೆ ಬಂದವರೂ ಇದ್ದಾರೆ. ಬೆರಳಿನ ಗೆರೆಗಳು ಮೂಡುವುದು ತಾಯಿಯ ಗರ್ಭದಲ್ಲಿ, ನಾಲ್ಕು ತಿಂಗಳು ತುಂಬುವ ಹೊತ್ತಿಗೆ. ಅವು ಬುದ್ಧಿಯ ಒಲವನ್ನು ಹೇಳುತ್ತವೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ. ಆ ಹಣದಲ್ಲಿ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರಿಂದ ಅಭಿರುಚಿ, ಸಾಮರ್ಥ್ಯಗಳ ಪರೀಕ್ಷೆ ಮಾಡಿಸಬಹುದು. ಅದನ್ನೂ ದೈವವಾಣಿ ಎಂದು ತಿಳಿಯದೆ, ಮನೆಯಲ್ಲಿ ಮಾತು ಆರಂಭಿಸಲು ಒಂದು ನೆಪ ಎಂದು ತಿಳಿಯಿರಿ.

ಒಂದು ಪರೀಕ್ಷೆಯನ್ನಂತೂ ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಓದುವ ಇಶಿಹಾರಾ ಪರೀಕ್ಷೆ. ಜಪಾನಿನ ನೇತ್ರ ವೈದ್ಯರೊಬ್ಬರು 1917ರಲ್ಲಿ ಪ್ರಕಟಿಸಿದ ಈ ಹಾಳೆಗಳನ್ನು ಓದಲು ಐದು ನಿಮಿಷ ಸಾಕು. ವರ್ಣಾಂಧತೆ ಗಂಡುಮಕ್ಕಳಲ್ಲೇ ಹೆಚ್ಚು, ಏಕೆಂದರೆ ಕೆಂಪು-ಹಸಿರು ದೋಷದ ಜೀನು ಎಕ್ಸ್ ವರ್ಣತಂತುವಿನ ಮೇಲಿದೆ. ನನ್ನ ಬಳಿ ಬಂದ ತರುಣನೊಬ್ಬ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆಂದು ಎರಡು ವರ್ಷ ಓದಿ ಲಿಖಿತ ಪರೀಕ್ಷೆ ಗೆದ್ದು, ವೈದ್ಯಕೀಯ ತಪಾಸಣೆಯಲ್ಲಿ ಬಿದ್ದ. ಕೆಂಪು, ಹಸಿರು ತನಗೆ ಸರಿಯಾಗಿ ಕಾಣುವುದಿಲ್ಲವೆಂದು ಅಂದಿನವರೆಗೆ ಅವನಿಗೇ ಗೊತ್ತಿರಲಿಲ್ಲ. ಹಾಗೆಯೇ ಮೂರ್ಛೆರೋಗ, ಆಸ್ತಮಾ, ಚರ್ಮದ ಅಲರ್ಜಿ ಇರುವ ಮಕ್ಕಳ ವಿಷಯದಲ್ಲೂ ಕೋರ್ಸಿಗೆ ಸೇರಿಸುವ ಮುನ್ನ ವೈದ್ಯರನ್ನೊಮ್ಮೆ ಕೇಳಿ.

ಮಕ್ಕಳು ಹೇಳಿದ್ದೇ ಆಗಲಿ ಎಂದು ನಾನು ವಾದಿಸುತ್ತಿಲ್ಲ. ಮೇಲೆ ಹೇಳಿದ ಪಂಡಿತರೆಲ್ಲ ಅಮೆರಿಕದವರು. ಅಲ್ಲಿ ಆಯ್ಕೆ ಎಂದರೆ ಒಬ್ಬನ ಆಯ್ಕೆ. ನಮ್ಮಲ್ಲಿ ಶುಲ್ಕಕ್ಕೆ ಅಡವಿಟ್ಟ ಒಡವೆ ಅಮ್ಮನದು, ಸಾಲ ಅಪ್ಪನದು, ತಂಗಿಯ ಮದುವೆಯೂ ಲೆಕ್ಕದೊಳಗೆ ಬರುತ್ತದೆ. ಸಂಬಳದ ಚಿಂತೆ ಹುಸಿಯಲ್ಲ. ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕಿ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಎರಡನೆಯ ದಾರಿಯನ್ನು ಮೊದಲೇ ಮಾತಾಡಿಟ್ಟಿರದ ಮನೆಯಲ್ಲಿ ಫಲಿತಾಂಶದ ದಿನ ಸೂತಕದಂತಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ 2022ರಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು. ಎಲ್ಲವೂ ಪರೀಕ್ಷೆಯಿಂದಲ್ಲ, ನಿಜ. ಆದರೂ ಮಗು ಊಟ, ನಿದ್ದೆ, ಗೆಳೆಯರನ್ನು ಬಿಟ್ಟರೆ, 'ನಾನಿಲ್ಲದಿದ್ದರೆ ನಿಮಗೇ ಆರಾಮ' ಎಂಬಂಥ ಮಾತಾಡಿದರೆ ಬೈಯಬೇಡಿ. ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆತನ್ನಿ. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಆ ಹುಡುಗನ ತಂದೆ ಕಳೆದ ವಾರ ಒಬ್ಬರೇ ಬಂದಿದ್ದರು. "ನೀವೇ ಡಾಕ್ಟ್ರಾಗಿ, ನನ್ನ ಮಗ ಡಾಕ್ಟ್ರಾಗೋದು ಬೇಡ ಅಂತೀರಲ್ಲ" ಎಂದು ಮುನಿಸಿಕೊಂಡರು. ಬೇಡವೆಂದಿಲ್ಲ, ಅವನನ್ನು ಕೇಳಿ ಎಂದಿದ್ದೇನೆ ಎಂದೆ. ಕೋಚಿಂಗ್ ಹಣ ಕಟ್ಟಿಯಾಗಿದೆ, ವಾಪಸು ಕೊಡುವುದಿಲ್ಲವಂತೆ. ಅರ್ಧ ಗಂಟೆಯ ಮಾತಿನ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಹುಡುಗ ಪಿಸಿಎಂಬಿ ಓದಿದವನಾದ್ದರಿಂದ ಇಂಜಿನಿಯರಿಂಗಿಗಾಗಿ ಸಿಇಟಿಯನ್ನೂ ಬರೆಯಲಿ, ಎಲೆಕ್ಟ್ರಿಕಲ್ ವಿಭಾಗವೂ ಪಟ್ಟಿಯಲ್ಲಿರಲಿ. ಸೋಮವಾರದ ಅಂಕವನ್ನು ಮನೆಯಲ್ಲಿ ಯಾರೂ ಕೇಳಕೂಡದು. ಭಾನುವಾರ ಮಾವನ ಅಂಗಡಿ ತಪ್ಪಿಸಕೂಡದು. ಟಾನಿಕ್ ಬರೆದುಕೊಡಲಿಲ್ಲ. ಹದಿನೈದು ದಿನ ಬಿಟ್ಟು ಮಗನನ್ನು ಕರೆತರಲು ಹೇಳಿದ್ದೇನೆ.