ಹಿಂದೆ ಎತ್ತಿದ ಬೈಕು, ಹಿಂದೆ ಕುಳಿತ ಉಮ್ಮ

ಯಮಹಾ ಆರ್‌ಎಕ್ಸ್ 100 ಬೈಕು 1985ರಲ್ಲಿ ಬಂತು, 1996ರಲ್ಲಿ ಅದರ ತಯಾರಿಕೆ ನಿಂತಿತು. ಆದರೆ ಉಳ್ಳಾಲದಿಂದ ಸುರತ್ಕಲ್‌ವರೆಗೆ, ಬಿ.ಸಿ.ರೋಡಿನಿಂದ ಉಪ್ಪಿನಂಗಡಿವರೆಗೆ ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಅದು ಇನ್ನೂ ಉಂಟು. ಕೆಲವು ಕಡೆ ಬಾಪ ಗಲ್ಫಿಗೆ ಹೋಗುವ ಮೊದಲು ಓಡಿಸಿದ್ದು, ಕೆಲವು ಕಡೆ ಗಲ್ಫಿನ ಮೊದಲ ರಜೆಯಲ್ಲಿ ಬಂದಾಗ ತೆಗೆದದ್ದು. ವರ್ಷಗಟ್ಟಲೆ ಟಾರ್ಪಾಲಿನ ಅಡಿಯಲ್ಲಿ ಮಲಗಿದ್ದ ಈ ಗಾಡಿಗಳನ್ನು ಈಗ ಮಕ್ಕಳು ಹೊರಗೆ ಎಳೆದಿದ್ದಾರೆ. ಸಂತೋಷದ ವಿಷಯವೇ. ಬಾಪನ ವಸ್ತುವನ್ನು ಗುಜರಿಗೆ ಹಾಕದೆ ಜೀವ ತುಂಬಿಸುವ ಮಗನ ಬಗ್ಗೆ ದೂರು ಹೇಳಲು ನಮಗೆ ಮನಸ್ಸಿಲ್ಲ.

ಎಂಜಿನ್ ಕೆಲಸ, ಪೇಂಟಿಂಗ್ ಮುಗಿದ ಮೇಲೆ ಮತ್ತೊಂದು ಕೆಲಸ ಶುರುವಾಗುತ್ತದೆ. ಅದು ಹಿಂದಿನ ಶಾಕಿನದ್ದು. ಒಬ್ಬ ಉದ್ದದ ಶಾಕ್ ಹಾಕಿಸಿ ಸೀಟನ್ನು ಆಕಾಶಕ್ಕೆ ಎತ್ತುತ್ತಾನೆ. ಇನ್ನೊಬ್ಬ ಸ್ಪ್ರಿಂಗ್ ಕತ್ತರಿಸಿ ಗಾಡಿಯನ್ನು ನೆಲಕ್ಕೆ ಕೂರಿಸುತ್ತಾನೆ. ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡಿದ್ದವನು ಎರಡೂ ಶಾಕ್ ಕಿತ್ತು, ಬೇರೆ ಬೈಕಿನ ಮೋನೋಶಾಕ್ ತಂದು ನಡುವೆ ವೆಲ್ಡಿಂಗ್ ಮಾಡಿಸುತ್ತಾನೆ. ಯಾಕೆ ಎಂದು ಕೇಳಿದರೆ ಉತ್ತರ ಒಂದೇ: "ಲುಕ್ಕಿಗೆ." ನೋಡಲು ಗಮ್ಮತ್ತು ಇರುತ್ತದೆ ಎಂಬುದನ್ನು ನಾವೂ ಒಪ್ಪುತ್ತೇವೆ. ನಮ್ಮ ತಕರಾರು ಬೇರೆ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವರು ಯಾರು ಎಂಬ ಪ್ರಶ್ನೆ ಗ್ಯಾರೇಜಿನಲ್ಲಿ ಯಾರೂ ಕೇಳುವುದಿಲ್ಲ.

ಹಿಂಭಾಗ ಎತ್ತಿದರೆ ಏನಾಗುತ್ತದೆ ಎಂದು ಸ್ವಲ್ಪ ನಿಧಾನಕ್ಕೆ ನೋಡುವ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಲಗೇಜ್ ತಳ್ಳುವ ಟ್ರಾಲಿಯ ತಿರುಗುವ ಚಕ್ರವನ್ನು ನಮ್ಮ ಮನೆಯವರೆಲ್ಲ ನೋಡಿದ್ದೀರಿ. ಅದು ತಿರುಗುವ ಕಂಬಕ್ಕಿಂತ ತುಸು ಹಿಂದೆ ನೆಲ ಮುಟ್ಟುತ್ತದೆ. ಹಾಗಾಗಿಯೇ ತಳ್ಳಿದ ಕಡೆಗೆ ತಾನಾಗಿ ನೇರವಾಗಿ ಬರುತ್ತದೆ. ಬೈಕಿನ ಮುಂದಿನ ಚಕ್ರವೂ ಹೀಗೇ. ಹ್ಯಾಂಡಲ್ ತಿರುಗುವ ಓರೆ ಗೆರೆಯನ್ನು ನೆಲದವರೆಗೆ ಎಳೆದರೆ, ಚಕ್ರ ನೆಲ ಮುಟ್ಟುವ ಜಾಗ ಆ ಗೆರೆಗಿಂತ ಹಿಂದೆ ಇರುತ್ತದೆ. ಸಾಮಾನ್ಯ ಬೈಕುಗಳಲ್ಲಿ ಈ ಅಂತರ ಎಂಟು-ಹತ್ತು ಸೆಂಟಿಮೀಟರ್ ಆಸುಪಾಸು. ಗಾಡಿ ನೇರ ಓಡುವುದರಲ್ಲಿ ಇದರ ಪಾಲು ದೊಡ್ಡದು.

ಆರ್‌ಎಕ್ಸ್ 100ರ ಎರಡು ಚಕ್ರಗಳ ನಡುವಿನ ದೂರ 1240 ಮಿ.ಮೀ. ಹಿಂದೆ ಎರಡು ಇಂಚು ಎತ್ತಿದಿರಿ ಎಂದುಕೊಳ್ಳಿ. ಇಡೀ ಗಾಡಿ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮುಂದಕ್ಕೆ ವಾಲುತ್ತದೆ. ಕೇಳುವಾಗ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಅಷ್ಟಕ್ಕೇ ಮುಂದಿನ ಚಕ್ರದ ಆ ಅಂತರ ಒಂದೂವರೆ ಸೆಂಟಿಮೀಟರ್ ಹತ್ತಿರ ಕಡಿಮೆಯಾಗುತ್ತದೆ. ಪೇಟೆಯಲ್ಲಿ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ, ಹುಡುಗನಿಗೆ ಖುಷಿ. ಅದೇ ಗಾಡಿ ಹೆದ್ದಾರಿ 66ರಲ್ಲಿ ಅರುವತ್ತು-ಎಪ್ಪತ್ತರ ವೇಗದಲ್ಲಿ ಒಂದು ಗುಂಡಿಗೆ ಬಿದ್ದು ಎದ್ದರೆ ಹ್ಯಾಂಡಲ್ ಅದುರಲು ಶುರು. ಬ್ರೇಕ್ ಹಿಡಿದರೆ ಮುಂದಿನ ಶಾಕ್ ಕುಸಿದು ಉಳಿದ ಅಂತರವೂ ಇನ್ನಷ್ಟು ಕಡಿಮೆಯಾಗುತ್ತದೆ. ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರವಾಗುತ್ತದೆ. ಜೂನ್ ತಿಂಗಳ ಮಳೆಯಲ್ಲಿ, ಕೆಂಪು ಮಣ್ಣು ಹರಿದ ಡಾಂಬರಿನ ಮೇಲೆ, ಆ ಕಾಲದ ಡ್ರಮ್ ಬ್ರೇಕಿನಲ್ಲಿ, ಹಗುರವಾದ ಹಿಂದಿನ ಚಕ್ರ ಏನು ಮಾಡುತ್ತದೆ ಎಂದು ಬೈಕ್ ಓಡಿಸುವವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಹಿಂದೆ ಮಾಡಿಸಿದ ಕೆಲಸದ ಲೆಕ್ಕವನ್ನು ಮುಂದಿನ ಚಕ್ರ ಕೊಡಬೇಕಾಗುತ್ತದೆ.

ಸಣ್ಣ ತೊಂದರೆಗಳು ಬೇರೆ. ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಗಾಡಿ ಹೆಚ್ಚು ವಾಲಿ ನಿಲ್ಲುತ್ತದೆ. ಡಬಲ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡದೆ ಇರಬಹುದು. ಚೈನ್ ವಿಷಯ ಮಾತ್ರ ಸಣ್ಣದಲ್ಲ. ಸ್ವಿಂಗ್ ಆರ್ಮ್ ಇಳಿಜಾರಾಗಿ ನಿಂತಿರುವಾಗ ಚೈನ್ ಬಿಗಿ ಮಾಡಿದರೆ, ಇಬ್ಬರು ಕುಳಿತು ಅದು ಮಟ್ಟಕ್ಕೆ ಬಂದಾಗ ಚೈನ್ ಇನ್ನೂ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗನ್ನೇ ಎಳೆಯುತ್ತದೆ.

ಗಾಡಿ ಕೆಳಗಿಳಿಸುವವರ ಕಥೆಯೂ ಸುಖದ್ದಲ್ಲ. ಸ್ಪ್ರಿಂಗ್ ಕತ್ತರಿಸಿದರೆ ಮೆತ್ತಗಾಗುತ್ತದೆ ಎಂದು ಹಲವರ ನಂಬಿಕೆ. ಆಗುವುದು ಉಲ್ಟಾ. ಸುತ್ತು ಕಡಿಮೆಯಾದಷ್ಟು ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಕುಗ್ಗುವ ಜಾಗವೂ ಕಡಿಮೆ. ಕತ್ತರಿಸಿದ ತುದಿ ಸಮತಟ್ಟಾಗಿ ಕೂರುವುದಿಲ್ಲ. ನಮ್ಮ ಊರಿನ ಹಂಪುಗಳ ಎತ್ತರ ಗೊತ್ತಿರುವವರು ಉಳಿದದ್ದನ್ನು ಊಹಿಸಿಕೊಳ್ಳಬಹುದು.

ಮೋನೋಶಾಕ್ ಎಲ್ಲಕ್ಕಿಂತ ದೊಡ್ಡ ಆಸೆ. 2004ರಲ್ಲಿ ಹೋಂಡಾ ಯೂನಿಕಾರ್ನ್, 2008ರಲ್ಲಿ ಯಮಹಾ ಎಫ್‌ಝಡ್ ಬಂದ ಮೇಲೆ ಹಿಂದೆ ಒಂದೇ ಶಾಕ್ ಇದ್ದರೆ ಅದು ಹೊಸ ಕಾಲದ ಗಾಡಿ ಎಂಬ ಭಾವನೆ ಬಂದುಬಿಟ್ಟಿದೆ. ಆದರೆ ಆ ಗಾಡಿಗಳ ಫ್ರೇಮನ್ನು ಕಂಪೆನಿಯವರು ಒಂದೇ ಶಾಕಿಗೆ ಎಂದೇ ಮಾಡಿದ್ದಾರೆ. ಆರ್‌ಎಕ್ಸಿನಲ್ಲಿ ಎರಡು ಶಾಕ್‌ಗಳು ಹಿಂದಿನ ಆಕ್ಸಲಿನ ಹತ್ತಿರವೇ ನಿಂತು, ಭಾರವನ್ನು ಸೀಟಿನ ಕೆಳಗಿನ ಎರಡು ಪೈಪುಗಳಿಗೆ ಹಂಚುತ್ತವೆ. ಚಕ್ರ ಒಂದು ಇಂಚು ಎದ್ದರೆ ಶಾಕ್ ಕೂಡ ಒಂದು ಇಂಚಿನ ಹತ್ತಿರ ಕುಗ್ಗುತ್ತದೆ. ಈಗ ಒಂದು ಶಾಕನ್ನು ಸ್ವಿಂಗ್ ಆರ್ಮಿನ ನಡುಮಧ್ಯಕ್ಕೆ ವೆಲ್ಡ್ ಮಾಡಿದಿರಿ. ಚಕ್ರ ಎರಡು ಇಂಚು ಎದ್ದರೆ ಶಾಕ್ ಕುಗ್ಗುವುದು ಒಂದೇ ಇಂಚು. ಅರ್ಧ ದೂರದಲ್ಲಿ ಎರಡು ಪಾಲು ಬಲ ಕೊಡಬೇಕು. ಅಂದರೆ ಮೊದಲಿನ ಎರಡೂ ಸ್ಪ್ರಿಂಗ್ ಸೇರಿ ಎಷ್ಟು ಗಟ್ಟಿ ಇದ್ದವೋ ಅದರ ನಾಲ್ಕು ಪಾಲು ಗಟ್ಟಿ ಸ್ಪ್ರಿಂಗ್ ಬೇಕು. ಗುಜರಿಯಲ್ಲಿ ಸಿಕ್ಕಿದ ಶಾಕ್ 103 ಕಿಲೋದ ಈ ಗಾಡಿಗೆ, ಆ ಜಾಗಕ್ಕೆ ಸರಿಯಾಗಿ ಹೊಂದಿಕೊಳ್ಳುವುದು ಅದೃಷ್ಟದ ಮಾತು. ಇನ್ನು ಫ್ರೇಮ್. ಮೂವತ್ತು ವರ್ಷ ಕಡಲ ಗಾಳಿ ತಿಂದ ಪೈಪು ಒಳಗಿನಿಂದ ಎಷ್ಟು ತುಕ್ಕು ಹಿಡಿದಿದೆ ಎಂದು ಹೊರಗಿನ ಪೇಂಟ್ ಹೇಳುವುದಿಲ್ಲ. ಎಂದೂ ಭಾರ ಹೊರದ ಜಾಗಕ್ಕೆ ಒಂದು ತುಂಡು ಪಟ್ಟಿ ವೆಲ್ಡ್ ಮಾಡಿ ಇಡೀ ಹಿಂಭಾಗದ ಭಾರವನ್ನು ಅದರ ಮೇಲೆ ಹಾಕುತ್ತೇವೆ. ಆ ವೆಲ್ಡಿಂಗ್ ಬಿಟ್ಟುಕೊಳ್ಳುವುದು ಗ್ಯಾರೇಜಿನ ಎದುರಲ್ಲ, ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ.

ನಮಗೆ ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಬೇರೊಂದು. ಶಾಕ್ ಚೆನ್ನಾಗಿ ಕಾಣಬೇಕೆಂದು ಅದರ ಸುತ್ತ ಇರುವುದನ್ನೆಲ್ಲ ಬಿಚ್ಚಿಹಾಕುತ್ತಾರೆ. ಚೈನ್ ಕವರ್ ಹೋಯಿತು, ಮಡ್‌ಗಾರ್ಡ್ ಅರ್ಧವಾಯಿತು, ಹಿಂದೆ ಕುಳಿತವರು ಹಿಡಿದುಕೊಳ್ಳುವ ಹ್ಯಾಂಡಲ್ ಇಲ್ಲ, ಸೀರೆ ಗಾರ್ಡ್ ಮೊದಲೇ ಇಲ್ಲ. ಸೀರೆ ಗಾರ್ಡ್ ಎಂದರೆ ಹಳೇ ಕಾಲದ ಅಲಂಕಾರ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮ ಹೇಳುವಂತೆ ಹಿಂದಿನ ಸವಾರರಿಗೆ ಹಿಡಿ, ಕಾಲಿಡುವ ಜಾಗ ಮತ್ತು ಬಟ್ಟೆ ಚಕ್ರಕ್ಕೆ ಸಿಲುಕದಂತೆ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ರಕ್ಷಣೆ ಕಡ್ಡಾಯ. ನಮ್ಮ ಮನೆಗಳಲ್ಲಿ ಹಿಂದೆ ಕೂರುವುದು ಬುರ್ಖಾ ಹಾಕಿದ ಉಮ್ಮ, ಹೆಂಡತಿ, ತಂಗಿ. ಎತ್ತಿದ ಸೀಟು ಮುಂದಕ್ಕೆ ಜಾರಿಸುತ್ತದೆ, ಹಿಡಿಯಲು ಏನೂ ಇಲ್ಲ, ಮಡಿಲಲ್ಲಿ ಮಗು ಬೇರೆ. ಗಾಳಿಗೆ ಹಾರುವ ಬುರ್ಖಾದ ತುದಿಗೂ ತೆರೆದ ಚೈನಿಗೂ ನಡುವೆ ಇರುವುದು ನಾಲ್ಕು ಬೆರಳಿನ ಅಂತರ. ಬಟ್ಟೆ ಸಿಲುಕಿದ ಮೇಲೆ ಬ್ರೇಕ್ ಹಾಕಲು ಸಮಯ ಸಿಗುವುದಿಲ್ಲ. ಮನೆಯಿಂದ ಹತ್ತಿಸಿಕೊಂಡ ಜೀವ ಅಮಾನತ್ ಎಂದು ಜುಮಾ ಖುತ್ಬಾದ ದಿನ ಮಾತ್ರ ನೆನಪಿಸಿಕೊಂಡರೆ ಸಾಕಾ?

ಹಳೇ ಗಾಡಿಯ ಹಿಂಭಾಗ ಬದಲಿಸುವುದು ನಮ್ಮವರಿಗೆ ಹೊಸತೇನಲ್ಲ. ಎಂ80, ಟಿವಿಎಸ್‌ಗಳ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಬೆಳಗ್ಗೆ ಬಂದರಿನಿಂದ ಹೊರಟು ಊರೂರು ಸುತ್ತಿದ ಹಿರಿಯರು ಐಸಿನ ಭಾರಕ್ಕೆ ಸ್ಪ್ರಿಂಗ್ ಗಟ್ಟಿ ಮಾಡಿಸುತ್ತಿದ್ದರು. ಆ ಬದಲಾವಣೆಗೆ ಕಾರಣ ಪೆಟ್ಟಿಗೆಯಲ್ಲಿತ್ತು. ಎಷ್ಟು ಭಾರ, ಎಂಥಾ ರಸ್ತೆ ಎಂದು ಗೊತ್ತಿದ್ದು ಮಾಡಿಸಿದ ಕೆಲಸ ಅದು. ಈಗಿನ ಕೆಲಸಕ್ಕೆ ಕಾರಣ ಮೊಬೈಲಿನ ರೀಲ್ಸ್. ಅಲ್ಲಿ ಗಾಡಿ ನಿಂತೇ ಇರುತ್ತದೆ.

ಕಾನೂನಿನ ಮಾತು ಚುಟುಕಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪೆನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ. ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇಲ್ಲಿ ಒಂದು ಮಾತು ಗಮನಿಸಿ. ಆರ್‌ಸಿ ಬಾಪನ ಹೆಸರಿನಲ್ಲೇ ಇರುವ ಗಾಡಿಗಳು ನಮ್ಮಲ್ಲಿ ಬಹಳ. ಮಗ ಲುಕ್ಕಿಗೆ ಮಾಡಿಸಿದ್ದಕ್ಕೆ ನೋಟಿಸ್ ಬರುವುದು ಜುಬೈಲಿನಲ್ಲೋ ದಮ್ಮಾಮಿನಲ್ಲೋ ದುಡಿಯುವವರ ಹೆಸರಿಗೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಆಗ ಆರ್‌ಟಿಒದಲ್ಲಿ ಗಾಡಿ ತೋರಿಸಲೇಬೇಕು. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ.

"ನಾನು ಮಾಡದಿದ್ದರೆ ಪಕ್ಕದ ಗ್ಯಾರೇಜಿನವನು ಮಾಡ್ತಾನೆ ಮಾರಾಯ್ರೆ" ಎಂಬುದು ಮೆಕ್ಯಾನಿಕ್‌ಗಳ ಮಾತು. ಅವರಲ್ಲಿ ಬಹಳ ಮಂದಿ ನಮ್ಮದೇ ಹುಡುಗರು, ಕೈಯಲ್ಲಿ ಒಳ್ಳೆಯ ಕೆಲಸ ಇರುವವರು. ಅವರ ಹೊಟ್ಟೆಪಾಡಿಗೆ ಕಲ್ಲು ಹಾಕುವ ಉದ್ದೇಶ ನಮಗಿಲ್ಲ. ಲುಕ್ಕಿನ ಕೆಲಸಕ್ಕೆ ಸುರಿಯುವ ಅದೇ ದುಡ್ಡಿನಲ್ಲಿ ಮಾಡುವ ಕೆಲಸ ಹಳೇ ಗಾಡಿಯ ಹಿಂಭಾಗದಲ್ಲಿ ಬೇಕಾದಷ್ಟು ಉಂಟು. ಮೂವತ್ತು ವರ್ಷದ ಶಾಕಿನಲ್ಲಿ ಆಯಿಲ್ ಉಳಿದಿರುವುದು ಅಪರೂಪ. ಸೀಟನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ, ಎರಡು-ಮೂರು ಸಲ ಕುಣಿದರೆ ಶಾಕ್ ಸತ್ತಿದೆ. ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ. ಟಕ್ ಟಕ್ ಎಂದರೆ ಸ್ವಿಂಗ್ ಆರ್ಮಿನ ಬುಶ್ ಅಥವಾ ಚಕ್ರದ ಬೇರಿಂಗ್ ಹೋಗಿದೆ. ಬುಶ್ ಹೋದ ಗಾಡಿಗೆ ಎಂಥಾ ದುಬಾರಿ ಶಾಕ್ ಹಾಕಿದರೂ ತಿರುವಿನಲ್ಲಿ ಹಾವಿನಂತೆ ಹರಿಯುತ್ತದೆ. ಕೊಳ್ಳುವುದಿದ್ದರೆ ಮೊದಲಿನಷ್ಟೇ ಉದ್ದದ, ಆ ಗಾಡಿಗೆಂದೇ ಮಾಡಿದ ಶಾಕ್ ಕೊಳ್ಳಿ. ಪಕ್ಕದಲ್ಲಿ ಕೆಂಪು ಡಬ್ಬಿ ಅಂಟಿಸಿದ ಅಗ್ಗದ ಶಾಕ್‌ಗಳಲ್ಲಿ ಅನೇಕದರ ಡಬ್ಬಿಯೊಳಗೆ ಏನೂ ಇಲ್ಲ, ಬರೀ ತೋರಿಕೆ. ಶಾಕಿನ ಕೆಳಗೆ ಮೆಟ್ಟಿಲಿನಂಥ ರಿಂಗ್ ಇದ್ದರೆ ಎರಡೂ ಬದಿ ಒಂದೇ ಮೆಟ್ಟಿಲಿಗೆ ಇಡಿಸಿ, ಇಬ್ಬರು ಹೋಗುವ ದಿನ ಒಂದು ಮೆಟ್ಟಿಲು ಏರಿಸಿ. ಇಷ್ಟೆಲ್ಲ ಮಾಡಿದ ಮೇಲೆ ಸ್ಪ್ರಿಂಗಿಗೆ ಕ್ರೋಮ್ ಪಾಲಿಶ್ ಬೇಕಾ, ಟ್ಯಾಂಕಿಗೆ ಹಳೇ ಬಣ್ಣ ಬೇಕಾ, ಧಾರಾಳ ಮಾಡಿಸಿ. ಅದರಿಂದ ಯಾರ ಕೈಕಾಲೂ ಮುರಿಯುವುದಿಲ್ಲ.

ಹೆತ್ತವರಲ್ಲಿ ಒಂದು ವಿನಂತಿ. "ಗಾಡಿಯನ್ನೇ ಮಾರುತ್ತೇನೆ" ಎಂದು ಹೆದರಿಸಿದರೆ ಹುಡುಗ ಮಾತು ನಿಲ್ಲಿಸುತ್ತಾನೆ, ಕೆಲಸ ನಿಲ್ಲಿಸುವುದಿಲ್ಲ. ಅದರ ಬದಲು ಉಮ್ಮ ಒಮ್ಮೆ ಆ ಗಾಡಿಯ ಹಿಂದೆ ಕುಳಿತು ಪೇಟೆಗೆ ಹೋಗಿಬರಲಿ. ಎಲ್ಲಿ ಹಿಡಿದುಕೊಳ್ಳಬೇಕು, ಬುರ್ಖಾವನ್ನು ಎಲ್ಲಿ ಸಿಕ್ಕಿಸಿಕೊಳ್ಳಬೇಕು ಎಂದು ಅವರೇ ಮಗನಲ್ಲಿ ಕೇಳಲಿ.

ರಕ್ತದಾನ ಶಿಬಿರಗಳನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುವ ನಮ್ಮ ಯುವಕರ ಸಂಘಗಳಿಗೆ ಇನ್ನೊಂದು ಶಿಬಿರ ಕಷ್ಟವಲ್ಲ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಒಂದು ಭಾನುವಾರ, ಜಮಾಅತ್ ಕಮಿಟಿ ಮದ್ರಸದ ಅಂಗಳ ಬಿಟ್ಟುಕೊಡಲಿ. ಮೊಹಲ್ಲಾದ ಇಬ್ಬರು ಮೆಕ್ಯಾನಿಕ್‌ಗಳು ಒಂದೊಂದು ಗಾಡಿಗೆ ಹತ್ತು ನಿಮಿಷ ಕೊಟ್ಟು ಶಾಕ್, ಬುಶ್, ಚೈನ್, ಸೀರೆ ಗಾರ್ಡ್ ನೋಡಿ ಒಂದು ಚೀಟಿ ಬರೆದುಕೊಡಲಿ. ಡಬಲ್ ಸ್ಟ್ಯಾಂಡ್ ಹಾಕಲು ಸಮತಟ್ಟು ಜಾಗ, ಎರಡು ಸೆಟ್ ಸ್ಪ್ಯಾನರ್, ಒಂದು ಫ್ಲಾಸ್ಕ್ ಚಾ ಇದ್ದರೆ ಸಾಕು. ಯಾವ ಊರಿನವರು ಮೊದಲು ಮಾಡುತ್ತೀರೋ ತಿಳಿಸಿ, ದಿನಾಂಕವನ್ನು ಈ ಪುಟದಲ್ಲಿ ಹಾಕುತ್ತೇವೆ.