‘ಅನುಭವ: ಇಲ್ಲ’ ಎಂದು ಬರೆದವರು ಯಾರು?



ಕೆಲಸ ಹುಡುಕಿ ಬೆಂಗಳೂರಿನ ರೈಲು ಹತ್ತುವ ಕಲಬುರಗಿಯ ಹುಡುಗರು ಶರಣಬಸವೇಶ್ವರ ಗುಡಿಗೆ ಹೋಗಿ ಗದ್ದುಗೆಗೆ ಹಣೆ ಹಚ್ಚಿ ಹೊರಡುತ್ತಾರೆ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಫೈಲಿನೊಳಗೆ ಬಯೋಡೇಟಾ. ಅದನ್ನು ಬಿಚ್ಚಿ ನೋಡಿ. ‘ಕೆಲಸದ ಅನುಭವ’ ಎಂಬಲ್ಲಿ ಏನಿದೆ? ‘ಇಲ್ಲ’!

ಇಲ್ಲವೇ? ಕಾಲೇಜು ಓದುತ್ತಲೇ ಎರಡು ವರ್ಷ ಬೇಳೆ ಮಿಲ್ಲಿನಲ್ಲಿ ಕೂತು ತೊಗರಿ ಲಾರಿಗಳ ತೂಕದ ಚೀಟಿ ಬರೆದವರು ಯಾರು? ಮಾವನ ಬಟ್ಟೆ ಅಂಗಡಿಯ ಉದ್ರಿ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದವರು ಯಾರು? ಓಣಿಯ ಮಕ್ಕಳಿಗೆ ಕನ್ನಡದಲ್ಲಿ ಗಣಿತ ಹೇಳಿಕೊಟ್ಟವಳು ಯಾರು? ಈ ದುಡಿಮೆಯೆಲ್ಲ ಕನ್ನಡದಲ್ಲಿ ನಡೆಯಿತು. ಆದ್ದರಿಂದ ಅದು ಅನುಭವವೇ ಅಲ್ಲ ಎಂದು ನಿಮಗೆ ಹೇಳಿಕೊಟ್ಟವರು ಯಾರು? ಇಂಟರ್‌ನೆಟ್ ಸೆಂಟರಿನವನು ಕೊಟ್ಟ ರೆಡಿಮೇಡ್ ಇಂಗ್ಲಿಷ್ ನಮೂನೆಯೇ? ನಿಮ್ಮ ನಾಚಿಕೆಯೇ?

ಶರಣಬಸವೇಶ್ವರರು ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡಿದವರು. ಬೆಳೆದ ಜೋಳವನ್ನು ಹಕ್ಕಿಗೆ ಬಿಟ್ಟರೆಂದು ನಮ್ಮ ಅಜ್ಜಿಯರು ಇಂದಿಗೂ ಹೇಳುತ್ತಾರೆ. ದಾಸೋಹಕ್ಕೆ ಹೆಸರಾದ ಮೇಲೂ ಅವರ ಹೊಲದ ಕೆಲಸವನ್ನು ಯಾರೂ ಮುಚ್ಚಿಡಲಿಲ್ಲ. ಅವರ ಗದ್ದುಗೆಗೆ ಕೈಮುಗಿದು ಬಂದವರು ತಮ್ಮ ಕಾಯಕವನ್ನು ಅಳಿಸಿಕೊಳ್ಳುವುದೇ?

ಇನ್ನೊಂದು ಸೋಜಿಗ ನೋಡಿ. ಇದೇ ಹುಡುಗ ಸರ್ಕಾರಿ ಅರ್ಜಿ ತುಂಬುವಾಗ ಕನ್ನಡ ಮಾಧ್ಯಮದ ಪ್ರಮಾಣಪತ್ರ ಹಚ್ಚುತ್ತಾನೆ, ಶೇ. 5ರ ಮೀಸಲಾತಿ ಇದೆಯಲ್ಲ! 371(ಜೆ) ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಹತ್ತು ಸಲ ಅಲೆಯುತ್ತಾನೆ. ಅಲೆಯಲಿ, ಅದು ಅವನ ಹಕ್ಕು. 2013ರ ಆದೇಶದ ಪ್ರಕಾರ ಈ ಭಾಗದ ಎ, ಬಿ ಗುಂಪಿನ ಹುದ್ದೆಗಳಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಸ್ಥಳೀಯರಿಗೆ. ಸರ್ಕಾರದ ಮುಂದೆ ಹಕ್ಕಾದ ಕನ್ನಡ ಕಂಪನಿಯ ಮುಂದೆ ಕಳಂಕ ಹೇಗಾಯಿತು?

1980ರ ದಶಕದಲ್ಲಿ ಸರೋಜಿನಿ ಮಹಿಷಿ ವರದಿ ಬಂತು. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಕೊಡುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗದ್ದಲ ಎಬ್ಬಿಸಿದ ಕೂಡಲೇ ಸರ್ಕಾರ ಅದನ್ನು ತಡೆಹಿಡಿಯಿತು. ಅವರ ಹಳೆಯ ರಾಗ ಒಂದೇ: ಅನುಭವ ಇರುವ ಕನ್ನಡಿಗರು ಸಿಗುವುದಿಲ್ಲ! ನಾವು ಬೀದಿಯಲ್ಲಿ ಬಾವುಟ ಹಿಡಿದು ಇದು ಸುಳ್ಳು ಎಂದು ಕೂಗುತ್ತೇವೆ. ನೀವು ಸಹಿ ಹಾಕಿದ ಬಯೋಡೇಟಾ ಇದು ನಿಜ ಎಂದು ಸಾಕ್ಷಿ ನುಡಿಯುತ್ತದೆ. ನಮ್ಮ ಎದುರಾಳಿಗೆ ನಾವೇ ದಾಖಲೆ ಬರೆದುಕೊಡುತ್ತಿದ್ದೇವೆ!

ಹಾಗೆಂದು ಮಾಡಿದ್ದನ್ನೆಲ್ಲ ತುಂಬಬೇಡಿ. ಜಾತ್ರೆಯಲ್ಲಿ ಒಂದು ಸಂಜೆ ಮಜ್ಜಿಗೆ ಹಂಚಿದ್ದು ಸೇವೆ, ಅದು ಹಾಗೆಯೇ ಇರಲಿ. ಆದರೆ ಉಗ್ರಾಣದ ಕೆಲಸ ಕೇಳುವವರು ಮಿಲ್ಲಿನ ಎರಡು ವರ್ಷ ಬರೆಯಲೇಬೇಕು. ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ, ದಿನಕ್ಕೆ ಎಷ್ಟು ಲಾರಿ, ಯಾವ ಲೆಕ್ಕ ಎಂದು ಬರೆಯಿರಿ. ಗ್ರಾಹಕರ ಜೊತೆ ಮಾತಾಡುವ ಹುದ್ದೆಯಾದರೆ ಅಂಗಡಿಯ ಗಲ್ಲೆಯ ಅನುಭವ ಮೇಲೆ ಬರಲಿ, ಕನ್ನಡ ಓದಲು, ಬರೆಯಲು, ವ್ಯವಹರಿಸಲು ಬರುತ್ತದೆಂಬ ಮಾತು ಅದರ ಪಕ್ಕದಲ್ಲೇ ಇರಲಿ. ಮಿಲ್ಲಿನ ಮಾಲೀಕರಿಂದ ಒಂದು ಪತ್ರ ಬರೆಸಿಕೊಳ್ಳಿ. ಕನ್ನಡದಲ್ಲಿದ್ದರೂ ಅದು ಪತ್ರವೇ.

ದುಡ್ಡಿಗೆ ಅನುಭವ ಪತ್ರ ಮಾರುವವರ ಹತ್ತಿರ ಮಾತ್ರ ಹೋಗಬೇಡಿ! ದೊಡ್ಡ ಕಂಪನಿಗಳು ನಿಮ್ಮ ಪಿ.ಎಫ್. ಖಾತೆಯ ಯು.ಎ.ಎನ್. ಸಂಖ್ಯೆ ಹಿಡಿದು ಎಲ್ಲಿ, ಎಷ್ಟು ದಿನ ದುಡಿದಿರಿ ಎಂದು ತಾಳೆ ನೋಡುತ್ತವೆ. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಮುಂದೆ ಬರುವ ಕಲಬುರಗಿಯವನ ಮೇಲೂ ಅನುಮಾನ. ನಿಮ್ಮ ಸಣ್ಣ ಮಿಲ್ಲಿನಲ್ಲಿ ಪಿ.ಎಫ್. ಇರಲಿಲ್ಲವೇ? ಇರಲಿಲ್ಲ ಎಂದೇ ಹೇಳಿ, ಮಾಲೀಕರ ಫೋನ್ ನಂಬರ್ ಕೊಡಿ.

ರೈಲಿಗೆ ಇನ್ನೂ ಹೊತ್ತಿದೆ. ಗುಡಿಯ ಕಟ್ಟೆಯ ಮೇಲೆ ಕೂತುಕೊಳ್ಳಿ. ಪೆನ್ನು ತೆಗೆಯಿರಿ. ಆ ‘ಇಲ್ಲ’ ಎಂಬುದನ್ನು ಮೊದಲು ಹೊಡೆದುಹಾಕಿ!